ಆಯುಧಪೂಜೆಯ ಮರುವಾರ: ಕಾರ್ಖಾನೆಯಲ್ಲಿ ಸುಧಾರಣೆಯನ್ನು ಆರಂಭಿಸಿ ಉಳಿಸಿಕೊಳ್ಳುವ ಬಗೆ

ಪೀಣ್ಯದ ಯಾವುದೇ ಶೆಡ್ಡಿಗೆ ಆಯುಧಪೂಜೆಯ ಹಿಂದಿನ ದಿನ ಹೋದರೆ ವರ್ಷದಲ್ಲಿ ಇನ್ನೆಂದೂ ಕಾಣಸಿಗದ ಒಂದು ನೋಟ ಸಿಗುತ್ತದೆ. ಲೇತಿನ ಬೆಡ್ಡಿಗೆ ತಿಂಗಳುಗಟ್ಟಲೆ ಅಂಟಿಕೊಂಡಿದ್ದ ಜಿಡ್ಡನ್ನು ಆಪರೇಟರುಗಳು ಡೀಸೆಲ್ ಹಚ್ಚಿ ಉಜ್ಜುತ್ತಿರುತ್ತಾರೆ. ಕಪಾಟಿನ ಹಿಂದೆ ಬಿದ್ದು ಎರಡು ವರ್ಷವಾಗಿದ್ದ ಸ್ಪ್ಯಾನರು ಹೊರಬರುತ್ತದೆ. ಯಾವ ಕಾಲದ್ದೋ ರಿಜೆಕ್ಷನ್ ಮಾಲು ಗುಜರಿಗೆ ಹೋಗುತ್ತದೆ. ಇದಕ್ಕೆ ಸುತ್ತೋಲೆ ಬೇಕಿಲ್ಲ, ತರಬೇತಿ ಬೇಕಿಲ್ಲ, ಯಾರೂ ಬಂದು ಕೂಗಾಡಬೇಕಿಲ್ಲ. ಆದರೆ ಬಾಗಿಲಲ್ಲಿ ಒಡೆದ ಬೂದುಗುಂಬಳದ ಕುಂಕುಮದ ಕಲೆ ನೆಲದಿಂದ ಮಾಸುವಷ್ಟರಲ್ಲಿ ಸ್ಪ್ಯಾನರು ಮತ್ತೆ ಕಾಣೆಯಾಗಿರುತ್ತದೆ, ಜಿಡ್ಡು ಮತ್ತೆ ಕೂತಿರುತ್ತದೆ.

ಇಂಥ ಶೆಡ್ಡುಗಳಲ್ಲಿ ಇಪ್ಪತ್ತು ವರ್ಷ ಪ್ರೊಡಕ್ಷನ್ ನೋಡಿಕೊಂಡ ನನಗೆ ಒಂದು ವಿಷಯ ತಡವಾಗಿ ಅರ್ಥವಾಯಿತು. ಬದಲಾವಣೆ ಮಾಡುವ ಶಕ್ತಿ ಕೆಲಸಗಾರರಲ್ಲಿ ಇದ್ದೇ ಇರುತ್ತದೆ. ಅದನ್ನು ಉಳಿಸಿಕೊಳ್ಳುವುದು ಮುಂದೆ ನಿಂತು ನಡೆಸುವವರ ದಿನನಿತ್ಯದ ಕೆಲಸ. ನಮ್ಮಲ್ಲಿ ಇದು ತಿರುಗಾಮುರುಗಾ ಆಗಿದೆ: ಏನು ಬದಲಾಗಬೇಕೆಂಬುದನ್ನು ಆಫೀಸಿನಲ್ಲಿ ಕೂತವರು ತೀರ್ಮಾನಿಸುತ್ತಾರೆ, ಅದು ಉಳಿಯಲಿಲ್ಲವೆಂದರೆ ತಪ್ಪನ್ನು ಮಿಷನ್ ಮುಂದೆ ನಿಂತವರ ತಲೆಗೆ ಕಟ್ಟುತ್ತಾರೆ. ಹತ್ತರಿಂದ ನೂರು ಜನರ ಕೆಲಸ ನೋಡಿಕೊಳ್ಳುವ ಸೂಪರ್‌ವೈಸರ್, ಶಿಫ್ಟ್ ಇನ್‌ಚಾರ್ಜ್ ಅಥವಾ ಮಾಲೀಕರು ಇದನ್ನು ಸರಿಮಾಡಿಕೊಳ್ಳುವುದು ಹೇಗೆಂದು ಇಲ್ಲಿ ವಿವರಿಸಿದ್ದೇನೆ. ಉದಾಹರಣೆಗಳು ಮಿಷನ್ ಶಾಪಿನವು. ಆಸ್ಪತ್ರೆಯ ರೆಕಾರ್ಡ್ ರೂಮಿಗೂ ಸಹಕಾರಿ ಬ್ಯಾಂಕಿನ ಕೌಂಟರಿಗೂ ಅಲ್ಪಸ್ವಲ್ಪ ಬದಲಾವಣೆಯೊಂದಿಗೆ ಅವು ಒಪ್ಪುತ್ತವೆ.

ಮೊದಲು ಹಳೆಯ ಬಾಕಿ ತೀರಿಸಿ

ಕೈಝೆನ್ ಎಂಬ ಜಪಾನಿ ಪದಕ್ಕೆ ‘ಒಳ್ಳೆಯದರ ಕಡೆಗೆ ಬದಲಾವಣೆ’ ಎಂಬಷ್ಟೇ ಅರ್ಥ. ಟೊಯೋಟಾ ಕಿರ್ಲೋಸ್ಕರ್ ಕಂಪನಿ 1999ರ ಕೊನೆಯಲ್ಲಿ ಬಿಡದಿಯಲ್ಲಿ ವಾಹನ ತಯಾರಿಕೆ ಆರಂಭಿಸಿದ ಮೇಲಿನ ವರ್ಷಗಳಲ್ಲಿ ನಾನಿದ್ದ ಶೆಡ್ಡಿಗೂ ಈ ಪದ ಬಂದಿತು, ಅದರ ಬೆನ್ನಿಗೇ ಸಲಹಾ ಪೆಟ್ಟಿಗೆಯೂ ಬಂದಿತು. ಟೊಯೋಟಾದಲ್ಲಿ ಸಲಹಾ ಪದ್ಧತಿ 1951ರಿಂದ ನಡೆದುಬಂದಿದೆಯೆಂದು ಎಲ್ಲಿಯೋ ಓದಿದ್ದ ನಮ್ಮ ಮಾಲೀಕರು ಹಸಿರು ಬಣ್ಣ ಬಳಿಸಿದ ತಗಡಿನ ಪೆಟ್ಟಿಗೆಯೊಂದನ್ನು ಕ್ಯಾಂಟೀನಿನ ಗೋಡೆಗೆ ಹೊಡೆಸಿ, ಬೀಗ ಹಾಕಿಸಿ, ಬೀಗದ ಕೈಯನ್ನು ತಮ್ಮ ಮೇಜಿನ ಡ್ರಾಯರಿನಲ್ಲಿಟ್ಟರು. ಮೂರು ತಿಂಗಳ ನಂತರ ಅದನ್ನು ತೆರೆದಾಗ ಒಳಗೆ ಎರಡು ಗುಟ್ಕಾ ಪೊಟ್ಟಣ, ಒಂದು ಬಸ್ ಟಿಕೆಟ್ ಮತ್ತು ಒಂದೇ ಕೈಬರಹದ ಮೂರು ಚೀಟಿಗಳಿದ್ದವು. ಮೂರರಲ್ಲೂ ನಾಲ್ಕನೇ ಮಿಷನ್ ಮೇಲಿನ ಫ್ಯಾನ್ ತಿರುಗುತ್ತಿಲ್ಲವೆಂದು ಬರೆದಿತ್ತು. ಮೊದಲಿನ ಎರಡರಲ್ಲಿದ್ದ ‘ದಯವಿಟ್ಟು’ ಮೂರನೆಯದರಲ್ಲಿ ಇರಲಿಲ್ಲ. ಇನ್ನೊಬ್ಬ ಹಿರಿಯ ಆಪರೇಟರನ್ನು ನೀವು ಯಾಕೆ ಏನೂ ಬರೆಯಲಿಲ್ಲವೆಂದು ಕೇಳಿದೆ. “ಬಾಯಲ್ಲಿ ಹೇಳಿದ್ದೇ ಆಗಿಲ್ಲ ಸಾರ್, ಬರೆದು ಏನ್ ಮಾಡಲಿ?” ಎಂದರು. ಫ್ಯಾನಿನ ಕೆಪಾಸಿಟರ್ ಬದಲಿಸಲು ಎಲೆಕ್ಟ್ರಿಷಿಯನ್‌ಗೆ ಹತ್ತು ನಿಮಿಷ ಹಿಡಿಯಿತು.

ಆದ್ದರಿಂದ ಮೊದಲ ಎರಡು ವಾರ ನಿಮ್ಮ ಕಡೆಯಿಂದ ಯಾವ ಹೊಸ ಯೋಜನೆಯನ್ನೂ ಪ್ರಕಟಿಸಬೇಡಿ. ಒಂದು ನೋಟ್‌ಬುಕ್ ಹಿಡಿದು, ದಿನಕ್ಕೆ ನಾಲ್ಕೈದು ಜನರಂತೆ, ಪ್ರತಿಯೊಬ್ಬರ ಬಳಿಗೂ ಅವರು ಕೆಲಸ ಮಾಡುವ ಜಾಗಕ್ಕೇ ಹೋಗಿ, ದಿನಾ ಕಾಟ ಕೊಡುವ ಒಂದು ವಿಷಯ ಯಾವುದೆಂದು ಕೇಳಿ, ಅವರ ಎದುರಿನಲ್ಲೇ ಅವರ ಮಾತಿನಲ್ಲೇ ಬರೆದುಕೊಳ್ಳಿ. ಹೆಲ್ಪರನ್ನೂ ಗುಡಿಸುವ ಹೆಂಗಸನ್ನೂ ಬಿಡಬೇಡಿ. ಯಾವ ಮಿಷನ್ನಿನಿಂದ ಕೂಲೆಂಟ್ (ತಂಪಾಗಿಡುವ ದ್ರವ) ಸೋರುತ್ತಿದೆಯೆಂಬುದು ಮೆಂಟೆನೆನ್ಸ್‌ನವರಿಗಿಂತ ಮೊದಲು ಆಕೆಗೆ ತಿಳಿದಿರುತ್ತದೆ. ಹೀಗೆ ಬರೆದುಕೊಂಡವುಗಳಲ್ಲಿ ನಿಮ್ಮ ಅಧಿಕಾರದಲ್ಲೇ ಆಗುವಂಥವನ್ನು ಎರಡು ದಿನದೊಳಗೆ ಮಾಡಿಸಿ. ಮಿಕ್ಕವುಗಳಿಗೆ ಇಂಥ ತಾರೀಖಿನೊಳಗೆ ಎಂದೋ, ಇಂಥ ಕಾರಣಕ್ಕೆ ಆಗುವುದಿಲ್ಲವೆಂದೋ ಆಯಾ ವ್ಯಕ್ತಿಗೆ ಮುಖತಃ ಹೇಳಿ. ಆಗುವುದಿಲ್ಲವೆಂದಾಗ ಜನ ಅಷ್ಟಾಗಿ ಬೇಸರಿಸುವುದಿಲ್ಲ; ಕೇಳಿಕೊಂಡು ಹೋದವರು ಮತ್ತೆ ಆ ಕಡೆ ತಲೆ ಹಾಕದಿದ್ದಾಗ ಮಾತ್ರ ಮುಂದೆ ಬಾಯಿ ಬಿಡುವುದೇ ಇಲ್ಲ.

ಒಂದು ಕಡೆ ನಿಂತು ನೋಡಿ

ಟೊಯೋಟಾ ಉತ್ಪಾದನಾ ಪದ್ಧತಿಯನ್ನು ರೂಪಿಸಿದವರಲ್ಲಿ ಪ್ರಮುಖರಾದ ತೈಚಿ ಓನೊ, ನೆಲದ ಮೇಲೆ ಚಾಕ್‌ಪೀಸಿನಿಂದ ವೃತ್ತ ಎಳೆದು, ಕಿರಿಯ ಎಂಜಿನಿಯರುಗಳನ್ನು ಅದರೊಳಗೆ ಗಂಟೆಗಟ್ಟಲೆ ನಿಲ್ಲಿಸಿ, ಎದುರಿನ ಕೆಲಸವನ್ನು ನೋಡಲು ಹಚ್ಚುತ್ತಿದ್ದರೆಂಬುದು ಈ ಕ್ಷೇತ್ರದಲ್ಲಿ ಎಲ್ಲರೂ ಹೇಳುವ ಕತೆ. ವೃತ್ತ ಎಳೆಯುವ ನಾಟಕವನ್ನು ನಾನು ಮಾಡಲಿಲ್ಲ, ಆದರೆ ಒಂದು ಬೆಳಿಗ್ಗೆ ಸಿಎನ್‌ಸಿ ಎಂಬ ಕಂಪ್ಯೂಟರ್ ನಿಯಂತ್ರಿತ ಲೇತೊಂದರ ಪಕ್ಕದಲ್ಲಿ ಅನುಮತಿ ಕೇಳಿ ನಿಂತೆ. ಆ ಆಪರೇಟರ್ ನಿಧಾನಗಾರನೆಂದು ನನ್ನ ರಿಪೋರ್ಟು ಹೇಳುತ್ತಿತ್ತು, ಏಕೆಂದರೆ ಒಂದು ಜಾಬ್ (ತಯಾರಿಸುವ ಬಿಡಿಭಾಗ) ಮುಗಿಸಿ ಇನ್ನೊಂದಕ್ಕೆ ಮಿಷನ್ ಸಜ್ಜುಗೊಳಿಸುವ ಸೆಟಿಂಗ್ ಮಾಡಲು ಅವನಿಗೆ ಒಂದು ಗಂಟೆಗೂ ಹೆಚ್ಚು ಹಿಡಿಯುತ್ತಿತ್ತು.

ನಾನು ಕಂಡದ್ದು ಹೀಗಿತ್ತು. ಚಕ್ಕಿನ ಜಾ (ಕಡೆಯುವ ಲೋಹವನ್ನು ಹಿಡಿದಿಡುವ ಹಲ್ಲು) ಬಿಚ್ಚಲು ಅವನಿಗೆ ಬೇಕಾದ ಅಲೆನ್ ಕೀ ಅಲ್ಲಿರಲಿಲ್ಲ. ಪಕ್ಕದ ಮಿಷನ್ನಿಗೆ ಹೋದ, ಅಲ್ಲಿಯೂ ಇಲ್ಲ. ಶೆಡ್ಡಿನ ಆ ತುದಿಯಲ್ಲಿದ್ದ ಮೂರನೆಯ ಮಿಷನ್ನಿನವನು ಅದನ್ನು ಬಳಸುತ್ತಿದ್ದುದರಿಂದ ಕಾದು ನಿಂತು ತಂದ. ಜಾ ಕಳಚಿ, ಸೀಟನ್ನು ಬಟ್ಟೆಯಿಂದ ಒರೆಸಿ, ಬೆರಳ ತುದಿಯಿಂದ ಒಮ್ಮೆ ಸವರಿ ಚಿಪ್ಸ್ (ಲೋಹದ ಚೂರು) ಉಳಿದಿಲ್ಲವೆಂದು ಖಚಿತ ಮಾಡಿಕೊಂಡ. ಆ ಸವರುವಿಕೆ ಯಾವ ಸೂಚನಾಪತ್ರದಲ್ಲೂ ಇರಲಿಲ್ಲ. ಅದನ್ನು ಬಿಟ್ಟರೆ ಜಾ ಸರಿಯಾಗಿ ಕೂರದೆ ರನ್‌ಔಟ್ (ತಿರುಗುವಾಗ ಓಲಾಟ) ಬರುತ್ತದೆಂದು ಕೇಳಿದ ಮೇಲೆ ಹೇಳಿದ. ಹೊಸ ಜಾ ತರಲು ಟೂಲ್ ರೂಮಿಗೆ ಹೋಗಿ ರಿಜಿಸ್ಟರಿನಲ್ಲಿ ಸಹಿ ಹಾಕಿ ಬಂದ. ಮೊದಲ ಪೀಸ್ ತೆಗೆದ ಮೇಲೆ ಇನ್‌ಸ್ಪೆಕ್ಟರ್ ಬರುವ ತನಕ ಕೈಕಟ್ಟಿ ನಿಂತ. ಅರವತ್ತೈದು ನಿಮಿಷದಲ್ಲಿ ಅವನ ಕೈ ಮಿಷನ್ನಿನ ಮೇಲಿದ್ದುದು ಹೆಚ್ಚೆಂದರೆ ಇಪ್ಪತ್ತೈದು ನಿಮಿಷ. ಆ ಇಪ್ಪತ್ತೈದರಲ್ಲಿ ಅವನು ಎಲ್ಲಿಯೂ ನಿಧಾನಿಸಲಿಲ್ಲ.

ಓನೊ ಪ್ರಚಾರಕ್ಕೆ ತಂದ ‘ಐದು ಸಲ ಏಕೆ’ ಎಂಬ ಕ್ರಮವನ್ನು ಇಲ್ಲಿ ಬಳಸಿ ನೋಡಿದೆವು. ಅಲೆನ್ ಕೀ ಏಕಿಲ್ಲ? ಮೂರು ಮಿಷನ್ನಿಗೆ ಒಂದೇ ಸೆಟ್ ಇದೆ. ಏಕೆ ಒಂದೇ? ಉಳಿದವು ಕಳೆದುಹೋಗಿವೆ. ಏಕೆ ಹೊಸದು ತರಿಸಲಿಲ್ಲ? ಇಂಡೆಂಟಿಗೆ (ಸಾಮಾನಿನ ಕೋರಿಕೆ ಚೀಟಿಗೆ) ಮೂರು ಸಹಿ ಬೇಕು. ಮೂರು ಸಹಿ ಏಕೆ? ಹಿಂದೊಮ್ಮೆ ಟೂಲುಗಳು ಕಾಣೆಯಾದಾಗ ಹಾಗೆಂದು ನಿಯಮ ಮಾಡಲಾಗಿತ್ತು. ಆ ನಿಯಮ ಮಾಡಿದವನು ನಾನೇ. ಪ್ರಶ್ನೆ ಕೇಳುತ್ತ ಹೋದಂತೆ ಕಾರಣ ನಿಮ್ಮ ಮೇಜಿನ ಕಡೆಗೇ ನಡೆದುಬಂದರೆ ಹಿಂಜರಿಯದೆ ಒಪ್ಪಿಕೊಳ್ಳಿ, ಅದೂ ಎಲ್ಲರೆದುರು. ನನ್ನ ಅನುಭವದಲ್ಲಿ, ಆಮೇಲಿನ ಸಭೆಗಳಲ್ಲಿ ಜನ ಮಾತಾಡಲು ಆರಂಭಿಸಿದ್ದು ಆ ದಿನದಿಂದ.

ಬದಲಾಯಿಸುವ ಮುನ್ನ ಅವರನ್ನು ಕೂರಿಸಿಕೊಳ್ಳಿ

ಕೆಲಸಗಾರರನ್ನು ಕೇಳಿ ಬದಲಾಯಿಸುವುದಕ್ಕೂ ಹೇಳಿ ಬದಲಾಯಿಸುವುದಕ್ಕೂ ಇರುವ ಅಂತರವನ್ನು ಅಳೆದು ತೋರಿಸಿದ ಹಳೆಯ ಪ್ರಯೋಗವೊಂದಿದೆ. ಅಮೆರಿಕದ ವರ್ಜೀನಿಯಾ ರಾಜ್ಯದ ಮೇರಿಯನ್ ಊರಿನಲ್ಲಿ ಹಾರ್ವುಡ್ ಎಂಬ ಪೈಜಾಮ ಕಾರ್ಖಾನೆಯಿತ್ತು. ಅಲ್ಲಿ ಲೆಸ್ಟರ್ ಕೋಚ್ ಮತ್ತು ಜಾನ್ ಫ್ರೆಂಚ್ ನಡೆಸಿದ ಅಧ್ಯಯನ 1948ರಲ್ಲಿ ಪ್ರಕಟವಾಯಿತು. ಇಸ್ತ್ರಿ ಮಾಡುವ ಗುಂಪೊಂದು ಅರ್ಧ ಡಜನ್ ಪೈಜಾಮಗಳನ್ನು ಚಪ್ಪಟೆ ರಟ್ಟಿನ ಮೇಲೆ ಜೋಡಿಸಿಡುತ್ತಿತ್ತು; ಇನ್ನು ಮುಂದೆ ಅದೇ ಅರ್ಧ ಡಜನ್ನನ್ನು ಪೆಟ್ಟಿಗೆಯಲ್ಲಿ ಇಡಬೇಕೆಂದು ಅವರಿಗೆ ಹೇಳಲಾಯಿತು, ಅದಕ್ಕೆ ತಕ್ಕ ಹೊಸ ಕೂಲಿ ರೇಟನ್ನೂ ತಿಳಿಸಲಾಯಿತು. ಬದಲಾವಣೆ ಇಷ್ಟೇ. ಆದರೂ ಆ ಗುಂಪಿನ ಉತ್ಪಾದನೆ ಕುಸಿದು ಮೇಲೇಳಲಿಲ್ಲ, ಮೊದಲ ನಲವತ್ತು ದಿನಗಳಲ್ಲಿ ಶೇ 17ರಷ್ಟು ಜನ ಕೆಲಸ ಬಿಟ್ಟರು. ಇನ್ನೆರಡು ಗುಂಪುಗಳಲ್ಲಿ ಬದಲಾವಣೆ ಏಕೆ ಬೇಕೆಂದು ವಿವರಿಸಿ, ಹೊಸ ವಿಧಾನವನ್ನು ರೂಪಿಸುವುದರಲ್ಲಿ ಎಲ್ಲ ಸದಸ್ಯರನ್ನೂ ಸೇರಿಸಿಕೊಳ್ಳಲಾಯಿತು. ಆ ಗುಂಪುಗಳು ಬೇಗನೆ ಚೇತರಿಸಿಕೊಂಡು ಹಳೆಯ ಮಟ್ಟಕ್ಕಿಂತ ಸುಮಾರು ಶೇ 14ರಷ್ಟು ಮೇಲಕ್ಕೆ ಹೋದವು, ಒಬ್ಬರೂ ಕೆಲಸ ಬಿಡಲಿಲ್ಲ. ಕೆಲವು ತಿಂಗಳ ನಂತರ, ಕುಸಿದಿದ್ದ ಮೊದಲ ಗುಂಪಿನಲ್ಲಿ ಉಳಿದವರನ್ನೇ ಮತ್ತೊಂದು ಕೆಲಸಕ್ಕೆ ಹಾಕುವಾಗ ಈ ಎರಡನೆಯ ರೀತಿಯನ್ನು ಅನುಸರಿಸಿದಾಗ ಅವರೂ ಬೇಗನೆ ಚೇತರಿಸಿಕೊಂಡರು. ಕೆಲಸಗಾರರು ಹಟಮಾರಿಗಳೆಂದು ನಿಮ್ಮ ಮಾಲೀಕರು ಹೇಳಿದರೆ ಈ ಕೊನೆಯ ಸಂಗತಿಯನ್ನು ಅವರಿಗೆ ತಿಳಿಸಿ.

ಕೂರಿಸಿಕೊಳ್ಳುವುದೆಂದರೆ ಎಲ್ಲವನ್ನೂ ತೀರ್ಮಾನಿಸಿಕೊಂಡು ಬಂದು ಅಭಿಪ್ರಾಯ ಕೇಳುವ ಶಾಸ್ತ್ರ ಮುಗಿಸುವುದೆಂದು ಭಾವಿಸಬಾರದು. ಸಮಸ್ಯೆಯನ್ನು ಮಾತ್ರ ಮುಂದಿಡಿ: “ಸೆಟಿಂಗಿಗೆ ಅರವತ್ತೈದು ನಿಮಿಷ ಹೋಗುತ್ತಿದೆ, ಅದರಲ್ಲಿ ನಲವತ್ತು ನಿಮಿಷ ಓಡಾಟ ಮತ್ತು ಕಾಯುವಿಕೆ.” ಆಮೇಲೆ ಸುಮ್ಮನಿರಿ. ಆ ಮೌನ ಒಂದೆರಡು ನಿಮಿಷ ಕಿರಿಕಿರಿಯೆನಿಸುತ್ತದೆ, ತುಂಬುವ ಆಸೆಯಾಗುತ್ತದೆ, ತಡೆದುಕೊಳ್ಳಿ. ನಮ್ಮಲ್ಲಿ ಬಂದ ಉಪಾಯ, ಪ್ರತಿ ಮಿಷನ್ನಿಗೂ ಒಂದು ಪ್ಲೈವುಡ್ ಹಲಗೆ ಹಾಕಿ, ಒಂದೊಂದು ಕೀಲಿಯ ಆಕಾರವನ್ನೂ ಅದರ ಮೇಲೆ ನೀಲಿ ಬಣ್ಣದಲ್ಲಿ ಬರೆದು, ಖಾಲಿ ಜಾಗ ದೂರದಿಂದಲೇ ಕಾಣುವಂತೆ ಮಾಡುವುದು, ಮತ್ತು ಮುಂದಿನ ಜಾಬಿನ ಜಾ, ಇನ್ಸರ್ಟ್ (ಕತ್ತರಿಸುವ ಬಿಲ್ಲೆ), ಅಳತೆಯ ಗೇಜುಗಳನ್ನು ಈಗಿನ ಜಾಬ್ ಓಡುತ್ತಿರುವಾಗಲೇ ಟ್ರೇಯಲ್ಲಿ ತಂದಿಡುವುದು. ಇದು ಪುಸ್ತಕಗಳಲ್ಲೂ ಇರುವ ಉಪಾಯವೇ. ನಾನೇ ಹೇಳಿದ್ದರೆ ಅದು ನನ್ನ ಹಲಗೆಯಾಗುತ್ತಿತ್ತು, ಅದಕ್ಕೆ ಕೀಲಿ ತಂದು ತೂಗುಹಾಕುವ ಹೊಣೆಯೂ ನನ್ನದೇ ಆಗುತ್ತಿತ್ತು.

ಕೆಲಸ ಹೋಗುವ ಭಯ

ಯಾರೂ ಬಾಯಿಬಿಟ್ಟು ಕೇಳದ, ಆದರೆ ಎಲ್ಲರ ಮನಸ್ಸಿನಲ್ಲೂ ಇರುವ ಪ್ರಶ್ನೆಯೊಂದಿದೆ: ಸಮಯ ಉಳಿಸಿಕೊಟ್ಟರೆ ಉಳಿದ ಸಮಯಕ್ಕೆ ತಕ್ಕಂತೆ ಒಬ್ಬನನ್ನು ಮನೆಗೆ ಕಳಿಸುತ್ತೀರಾ? ಕಾಂಟ್ರಾಕ್ಟ್ ಕಾರ್ಮಿಕರೇ ಹೆಚ್ಚಿರುವ ನಮ್ಮ ಶೆಡ್ಡುಗಳಲ್ಲಿ ಈ ಭಯ ಸುಳ್ಳಲ್ಲ. ಇದಕ್ಕೆ ಉತ್ತರ ಕೊಟ್ಟ ಕಾರ್ಖಾನೆಯೊಂದರ ಉದಾಹರಣೆ ನೋಡಿ. ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ ಜನರಲ್ ಮೋಟರ್ಸ್ 1982ರಲ್ಲಿ ಮುಚ್ಚಿದ್ದ ಕಾರ್ಖಾನೆಯನ್ನು ಆ ಕಂಪನಿಯೂ ಟೊಯೋಟಾವೂ ಸೇರಿ 1984ರಲ್ಲಿ ನಮ್ಮಿ ಎಂಬ ಹೆಸರಿನಲ್ಲಿ ಮತ್ತೆ ತೆರೆದವು. ಗೈರುಹಾಜರಿ ಆಗಾಗ ಶೇ 20 ಮೀರುತ್ತಿದ್ದ ಆ ಕಾರ್ಖಾನೆಯ ಹಳೆಯ ಕಾರ್ಮಿಕರನ್ನೇ ಬಹುಪಾಲು ಮತ್ತೆ ಸೇರಿಸಿಕೊಂಡರು. ಸಂಘದೊಡನೆ ಮಾಡಿಕೊಂಡ ಒಪ್ಪಂದದಲ್ಲಿ, ಕಂಪನಿಯ ಅಸ್ತಿತ್ವಕ್ಕೇ ಕುತ್ತು ಬಂದ ಹೊರತು ಕಾರ್ಮಿಕರನ್ನು ಕೈಬಿಡುವುದಿಲ್ಲವೆಂದು ಬರೆದುಕೊಟ್ಟರು. 1988ರಲ್ಲಿ ಮಾರಾಟ ಬಿದ್ದುಹೋಗಿ ಕಾರ್ಖಾನೆಯ ಸಾಮರ್ಥ್ಯದಲ್ಲಿ ಸುಮಾರು ಶೇ 60ರಷ್ಟು ಮಾತ್ರ ಬಳಕೆಯಾಗುತ್ತಿದ್ದಾಗಲೂ ಯಾರನ್ನೂ ತೆಗೆಯದೆ, ಹೆಚ್ಚುವರಿ ಜನರನ್ನು ತರಬೇತಿಗೂ, ಅಲ್ಲಿಯವರೆಗೆ ಹೊರಗಿನವರಿಗೆ ಗುತ್ತಿಗೆ ಕೊಟ್ಟಿದ್ದ ನಿರ್ವಹಣೆ ಕೆಲಸಗಳಿಗೂ ಹಾಕಿದರು. ಅದೇ ಜನರ ಕೈಯಲ್ಲಿ ಆ ಕಾರ್ಖಾನೆಯ ಗುಣಮಟ್ಟ ಅಮೆರಿಕದಲ್ಲಿ ಮಾತಾಡಿಕೊಳ್ಳುವಂತಾಗಿತ್ತು.

ನೀವು ಇಷ್ಟು ದೊಡ್ಡ ಭರವಸೆ ಕೊಡಲಾಗದಿರಬಹುದು. ಸುಧಾರಣೆಯ ಕಾರಣಕ್ಕೆ ಯಾರನ್ನೂ ತೆಗೆಯುವುದಿಲ್ಲವೆಂಬ ಒಂದು ಸಾಲನ್ನಾದರೂ ಮಾಲೀಕರಿಂದ ಮೊದಲೇ ಪಡೆಯಿರಿ. ಅದು ಸಿಗದಿದ್ದರೆ ಈ ಕೆಲಸವನ್ನು ಆರಂಭಿಸದಿರುವುದೇ ಮೇಲು, ಏಕೆಂದರೆ ಒಬ್ಬನ ಕೆಲಸ ಹೋದ ದಿನದಿಂದ ಹತ್ತು ವರ್ಷ ಯಾರೂ ನಿಮಗೆ ಒಂದು ಉಪಾಯವನ್ನೂ ಹೇಳುವುದಿಲ್ಲ.

ಒಂದು ಮಿಷನ್, ಎರಡು ವಾರ, ಒಂದು ಹಾಳೆ

ಆಮೇಲಿನದು ಹೆಚ್ಚು ಕಷ್ಟದ್ದಲ್ಲ. ಹೊಸ ವಿಧಾನವನ್ನು ಒಂದೇ ಮಿಷನ್ ಮೇಲೆ ಎರಡು ವಾರ ಮಾಡಿ ನೋಡಿ. ಹಳೆಯ ಸಮಯವನ್ನು ಮೊದಲೇ ಬರೆದಿಟ್ಟುಕೊಳ್ಳಿ, ಇಲ್ಲದಿದ್ದರೆ ಸುಧಾರಿಸಿತೋ ಇಲ್ಲವೋ ಎಂಬುದು ಬರೀ ವಾದವಾಗುತ್ತದೆ. ದಿನದ ಅಂಕಿಯನ್ನು ಆಪರೇಟರೇ ಬೋರ್ಡಿನ ಮೇಲೆ ಬರೆಯಲಿ. ಆ ಅಂಕಿಯನ್ನು ಹಿಡಿದು ಯಾರಿಗೂ ಮೆಮೊ ಕೊಡಬಾರದು. ಕೊಟ್ಟರೆ ಮರುದಿನದಿಂದ ಬೋರ್ಡಿನಲ್ಲಿ ನಿಮಗೆ ಬೇಕಾದ ಅಂಕಿಯೇ ಕಾಣಿಸುತ್ತದೆ.

ವಿಧಾನ ನಿಂತಿತೆಂದಾದ ಮೇಲೆ ಅದನ್ನು ಹಾಳೆಗಿಳಿಸಬೇಕು. ನಮ್ಮ ಮೊದಲ ಹಾಳೆ ಇಂಗ್ಲಿಷಿನಲ್ಲಿತ್ತು, ಲ್ಯಾಮಿನೇಟ್ ಆಗಿತ್ತು, ಗ್ರಾಹಕ ಕಂಪನಿಯ ಆಡಿಟರಿಗೆ ಬಹಳ ಹಿಡಿಸಿತ್ತು. ಹಾವೇರಿ, ಕೊಪ್ಪಳ, ಒಡಿಶಾ ಕಡೆಯಿಂದ ಬಂದ ನಮ್ಮ ಹುಡುಗರಲ್ಲಿ ಅದನ್ನು ಓದಿದವರು ಒಬ್ಬರೂ ಇರಲಿಲ್ಲ. ಎರಡನೆಯದನ್ನು ಆ ‘ನಿಧಾನದ’ ಆಪರೇಟರ್ ಹೇಳಿ ಬರೆಸಿದ: ಐದು ಫೋಟೋ, ಪ್ರತಿ ಫೋಟೋದ ಕೆಳಗೆ ಕನ್ನಡದಲ್ಲಿ ಒಂದು ಸಾಲು, ಹಿಂದಿಯಲ್ಲಿ ಒಂದು ಸಾಲು. ಮೂರನೆಯ ಫೋಟೋ, ಜಾ ಸೀಟಿನ ಮೇಲೆ ಬೆರಳು ಸವರುತ್ತಿರುವ ಅವನ ಕೈಯದು.

ಹಾಳೆ ಅಂಟಿಸಿದ ಮಾತ್ರಕ್ಕೆ ಯಾರಿಗೂ ಕೆಲಸ ಬರುವುದಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕಾರ್ಖಾನೆಗಳಿಗೆ ಹೊಸಬರನ್ನು ತ್ವರಿತವಾಗಿ ತಯಾರು ಮಾಡಲು ರೂಪಿಸಿದ, ಮುಂದೆ ಜಪಾನಿಗೂ ಹೋದ ಟಿಡಬ್ಲ್ಯುಐ ಎಂಬ ಸರ್ಕಾರಿ ತರಬೇತಿ ಕಾರ್ಯಕ್ರಮದ ನಾಲ್ಕು ಹಂತಗಳು ಇಂದಿಗೂ ಸಾಕು: ಕಲಿಯುವವರ ಅಳುಕನ್ನು ಹೋಗಲಾಡಿಸುವುದು, ಏಕೆಂಬುದನ್ನು ಹೇಳುತ್ತ ಮಾಡಿ ತೋರಿಸುವುದು, ಅವರಿಂದ ಮಾಡಿಸಿ ಅವರ ಬಾಯಲ್ಲೇ ಕಾರಣ ಹೇಳಿಸುವುದು, ಆಮೇಲೆ ಆಗಾಗ ಬಂದು ನೋಡುವುದು. ಕಲಿಯುವವನಿಗೆ ಬರಲಿಲ್ಲವೆಂದರೆ ಕಲಿಸುವವನು ಕಲಿಸಲಿಲ್ಲವೆಂಬುದು ಆ ಕಾರ್ಯಕ್ರಮದ ಸೂತ್ರವಾಗಿತ್ತು.

ನಡುವಿನವರನ್ನು ಮರೆಯಬೇಡಿ

ಸುಧಾರಣೆಗಳು ಸದ್ದಿಲ್ಲದೆ ಸಾಯುವುದು ಬಹಳ ಸಲ ಸೂಪರ್‌ವೈಸರುಗಳ ಮಟ್ಟದಲ್ಲಿ, ಅದೂ ಅವರ ದುರುದ್ದೇಶದಿಂದಲ್ಲ. ಮಿಷನ್ ನಿಂತಾಗ ಓಡಿಬಂದು ಹೇಗೋ ಓಡಿಸಿಕೊಟ್ಟು, ಡಿಸ್‌ಪ್ಯಾಚ್ ತಪ್ಪದಂತೆ ರಾತ್ರಿಯೆಲ್ಲ ನಿಂತು, ಅವರು ಇಷ್ಟು ವರ್ಷ ಆಪದ್ಬಾಂಧವರೆನಿಸಿಕೊಂಡಿರುತ್ತಾರೆ. ಆಪತ್ತೇ ಕಡಿಮೆಯಾದರೆ ಬಾಂಧವನ ಬೆಲೆಯೇನು? ಅವರಿಗೆ ಹೊಸ ಗೌರವವನ್ನು ನೀವು ಕಟ್ಟಿಕೊಡಬೇಕು. ಎಷ್ಟು ಸಮಸ್ಯೆಗೆ ಓಡಿದರೆಂಬುದರ ಬದಲು ಎಷ್ಟು ಜನಕ್ಕೆ ಕಲಿಸಿದರು, ಯಾವ ಸಮಸ್ಯೆ ಮತ್ತೆ ಬರಲಿಲ್ಲ ಎಂಬುದನ್ನು ತಿಂಗಳ ಸಭೆಯಲ್ಲಿ ಅವರಿಂದಲೇ ಹೇಳಿಸಿ.

ಜೊತೆಗೆ, ಕರೆದಾಗ ಬರುವ ಅಭ್ಯಾಸವನ್ನು ಅವರಲ್ಲಿ ಬೆಳೆಸಬೇಕು. ಟೊಯೋಟಾದ ಜೋಡಣೆ ಸಾಲಿನಲ್ಲಿ ಕಾರ್ಮಿಕ ಹಗ್ಗ ಎಳೆದೊಡನೆ ಸಾಲು ನಿಂತುಬಿಡುತ್ತದೆಂದು ಹಲವರು ತಿಳಿದಿದ್ದಾರೆ. ನಿಜವಾಗಿ ಮೊದಲು ದೀಪ ಹೊತ್ತಿ ತಂಡದ ಮುಖ್ಯಸ್ಥ ಅಲ್ಲಿಗೆ ಬರುತ್ತಾನೆ. ವಾಹನ ನಿಗದಿತ ಗೆರೆ ಮುಟ್ಟುವುದರೊಳಗೆ ತೊಂದರೆ ಬಗೆಹರಿದರೆ ಸಾಲು ನಿಲ್ಲುವುದೇ ಇಲ್ಲ. ಹಾಗಾಗಿ ಆ ಹಗ್ಗದ ಬೆಲೆಯೆಲ್ಲ ಬರುವವನ ಕಾಲಿನಲ್ಲಿದೆ. ನಿಮ್ಮಲ್ಲಿ ಒಂದು ಕೆಂಪು ಬಲ್ಬ್ ಸಾಕು, ಆದರೆ ಅದು ಹೊತ್ತಿ ಐದು ನಿಮಿಷವಾದರೂ ಯಾರೂ ಬರದಿದ್ದರೆ ಎರಡನೆಯ ಸಲ ಯಾರೂ ಸ್ವಿಚ್ ಒತ್ತುವುದಿಲ್ಲ.

ನಲವತ್ತೊಂದನೆಯ ದಿನ

ಉತ್ಸಾಹ ಒಂದು ತಿಂಗಳಿರುತ್ತದೆ. ಆಮೇಲೆ ಹಲಗೆಯಲ್ಲಿ ಒಂದು ಕೀಲಿಯ ಜಾಗ ಖಾಲಿ ಕಾಣುತ್ತದೆ, ಬೋರ್ಡಿನ ಅಂಕಿ ಎರಡು ದಿನ ಹಳೆಯದಾಗಿರುತ್ತದೆ. ಇದಕ್ಕೆ ನಾನು ಕಂಡ ಮದ್ದು ಒಂದೇ: ಪ್ರತಿದಿನ ಒಂದೇ ಹೊತ್ತಿಗೆ ಹದಿನೈದು ನಿಮಿಷ ಶೆಡ್ಡಿನಲ್ಲಿ ನಡೆಯುವುದು. ಗಂಟೆಗಟ್ಟಲೆ ಬೇಡ, ಆದರೆ ತಪ್ಪಿಸಕೂಡದು. ಗ್ರಾಹಕರು ಬಂದಿದ್ದಾರೆ, ಜಿಎಸ್‌ಟಿ ಕೆಲಸವಿದೆ ಎಂಬ ಕಾರಣಗಳು ಪ್ರತಿದಿನವೂ ಇರುತ್ತವೆ. ಖಾಲಿ ಜಾಗ ಕಂಡಾಗ ಕೀಲಿ ಎಲ್ಲೆಂದು ಗದರಿಸಿದರೆ ಸಂಜೆಯೊಳಗೆ ಎಲ್ಲಿಂದಲೋ ಒಂದು ಕೀಲಿ ಬಂದು ತೂಗುತ್ತದೆ, ಕಾರಣ ಮಾತ್ರ ಹಾಗೆಯೇ ಉಳಿಯುತ್ತದೆ. ಇಲ್ಲಿಡಲು ಏನು ಅಡ್ಡಿಯಾಯಿತೆಂದು ಕೇಳಿ. ಹೀಗೆ ಕೇಳಿದ್ದರಿಂದಲೇ ಹಲಗೆ ಕುಳ್ಳಗಿನ ಹುಡುಗರಿಗೆ ಎಟುಕದಷ್ಟು ಮೇಲಿದೆಯೆಂಬುದು ನಮಗೆ ತಿಳಿಯಿತು.

ಸೆಕೆಂಡ್ ಶಿಫ್ಟಿಗೂ ನೈಟ್ ಶಿಫ್ಟಿಗೂ ವಾರಕ್ಕೊಮ್ಮೆಯಾದರೂ ಹೋಗಿ. ಹಗಲಿನವರು ಕೂತು ಮಾಡಿದ ತೀರ್ಮಾನ ರಾತ್ರಿಯವರ ಪಾಲಿಗೆ ಮೇಲಿನಿಂದ ಬಂದ ಆಜ್ಞೆಯೇ. ಹಾರ್ವುಡ್‌ನ ಮೊದಲ ಗುಂಪನ್ನು ನೀವೇ ಗೊತ್ತಿಲ್ಲದೆ ಸೃಷ್ಟಿಸಿರುತ್ತೀರಿ. ಮೂರು ತಿಂಗಳಿಗೊಮ್ಮೆ ಹಾಳೆಯನ್ನು ಗೋಡೆಯಿಂದ ತೆಗೆದು ಮಧ್ಯಕ್ಕಿಟ್ಟುಕೊಂಡು ಎಲ್ಲ ಶಿಫ್ಟಿನವರಿಂದಲೂ ತಿದ್ದಿಸಿ. ಪೆನ್ನಿನ ಒಂದು ಗೀರೂ ಇಲ್ಲದೆ ಮೂರು ತಿಂಗಳು ಗೋಡೆಯ ಮೇಲಿದ್ದ ಹಾಳೆಯನ್ನು ಯಾರೂ ನೋಡುತ್ತಿಲ್ಲವೆಂದೇ ತಿಳಿಯಬೇಕು.

ಕೊನೆಯದಾಗಿ, ನೀವು ಆ ಜಾಗವನ್ನು ಬಿಡುವ ದಿನದ ಬಗ್ಗೆ. ಇನ್‌ಚಾರ್ಜ್ ಬದಲಾದ ತಿಂಗಳಲ್ಲೇ ಎಲ್ಲವೂ ಮೊದಲಿನಂತಾದದ್ದನ್ನು ನಾನು ಒಂದಕ್ಕಿಂತ ಹೆಚ್ಚು ಕಡೆ ನೋಡಿದ್ದೇನೆ. ಹೊಸಬರಿಗೆ ಫೈಲು ಒಪ್ಪಿಸಿ ಹೊರಡಬೇಡಿ. ಆ ಹದಿನೈದು ನಿಮಿಷದ ನಡಿಗೆಯನ್ನು ಎರಡು ವಾರ ಅವರ ಜೊತೆ ಮಾಡಿ. ಮೊದಲ ವಾರ ನೀವು ಕೇಳಿ, ಅವರು ಪಕ್ಕದಲ್ಲಿ ನಿಲ್ಲಲಿ. ಎರಡನೆಯ ವಾರ ಅವರು ಕೇಳಲಿ, ನೀವು ಎರಡು ಹೆಜ್ಜೆ ಹಿಂದೆ ಇರಿ. ನೋಟ್‌ಬುಕ್ಕನ್ನು ಅವರ ಕೈಗೆ ಕೊಡುವಾಗ ಇನ್ನೂ ಬಾಕಿ ಇರುವ ಸಾಲುಗಳನ್ನು, ಯಾರು ಕೇಳಿದ್ದು, ಯಾವ ತಾರೀಖಿಗೆ ಮಾತು ಕೊಟ್ಟದ್ದು ಎಂಬುದರ ಸಮೇತ, ಓದಿ ಹೇಳಿ. ಅವುಗಳಲ್ಲಿ ಸುಲಭವಾಗಿ ಆಗುವಂಥ ಒಂದೆರಡನ್ನು ನೀವು ಮುಗಿಸದೆ ಅವರಿಗೆಂದೇ ಉಳಿಸಿ ಹೋಗಿ.